ಓಪನ್ ವೆಬ್, ಡೀಪ್ ವೆಬ್: ನಿಮ್ಮ ಪಹಣಿ ಯಾವುದರಲ್ಲಿದೆ?

ಗೂಗಲ್‌ನಲ್ಲಿ ‘ಬೇಲೂರು ಚೆನ್ನಕೇಶವ ದೇವಸ್ಥಾನ’ ಎಂದು ಹುಡುಕಿ ನೋಡಿ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾಗಿದ್ದು, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಹಾಸನದಿಂದ ಹೋಗುವ ದಾರಿ, ಎಲ್ಲವೂ ಸಿಗುತ್ತದೆ. ಈಗ ಅದೇ ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ಹೆಸರು, ಅಲ್ಲಿನ ಒಂದು ಸರ್ವೆ ನಂಬರ್ ಹಾಕಿ ಹುಡುಕಿ. ಆ ಜಮೀನಿನ ಪಹಣಿ ಬರುವುದಿಲ್ಲ. ಪಹಣಿ ಇರುವುದೂ ಇಂಟರ್‌ನೆಟ್‌ನಲ್ಲೇ ಅಲ್ವಾ? ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣಕ್ಕೆ ಹೋದರೆ ನೋಡಬಹುದು. ಆದರೂ ಗೂಗಲ್‌ಗೆ ಅದು ಸಿಗುವುದಿಲ್ಲ.

ದೇವಸ್ಥಾನದ ಪುಟ ಇರುವುದು ಓಪನ್ ವೆಬ್‌ನಲ್ಲಿ. ಪಹಣಿ ಇರುವುದು ಡೀಪ್ ವೆಬ್‌ನಲ್ಲಿ.

ಈ ವ್ಯತ್ಯಾಸ ಹುಟ್ಟುವುದು ಸರ್ಚ್ ಎಂಜಿನ್ ಕೆಲಸ ಮಾಡುವ ರೀತಿಯಿಂದ. ನಾವು ಹುಡುಕಿದ ಕ್ಷಣದಲ್ಲಿ ಗೂಗಲ್ ಇಡೀ ಇಂಟರ್‌ನೆಟ್ ಜಾಲಾಡುವುದಿಲ್ಲ. ಕ್ರಾಲರ್ ಎಂಬ ಪ್ರೋಗ್ರಾಂ ಮೊದಲೇ ಓಡಾಡಿರುತ್ತದೆ. ಒಂದು ಪುಟ ಓದುತ್ತದೆ, ಅದರಲ್ಲಿರುವ ಲಿಂಕ್ ಹಿಡಿದು ಮುಂದಿನ ಪುಟಕ್ಕೆ ಹೋಗುತ್ತದೆ. ಓದಿದ್ದನ್ನೆಲ್ಲ ಸೂಚಿಯಲ್ಲಿ ಸೇರಿಸುತ್ತದೆ. ನಮಗೆ ಉತ್ತರ ಬರುವುದು ಆ ಸೂಚಿಯಿಂದ. ಅದರಲ್ಲಿ ಇರುವುದು ಓಪನ್ ವೆಬ್, ಇಲ್ಲದ್ದು ಡೀಪ್ ವೆಬ್. ಇಷ್ಟೇ ವಿಷಯ.

ಪಹಣಿಯ ಪುಟ ಸೂಚಿಗೆ ಯಾಕೆ ಸೇರಲಿಲ್ಲ? ಅದು ಮೊದಲೇ ತಯಾರಾಗಿ ಕೂತಿರುವ ಪುಟವಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲ ತುಂಬಿಸಿ ಕೇಳಿದಾಗ ಡೇಟಾಬೇಸ್‌ನಿಂದ ಆಗ ಮೂಡುತ್ತದೆ. ಕ್ರಾಲರ್ ಇಂಥ ಫಾರಂ ತುಂಬಿಸುತ್ತಾ ಕೂರುವುದಿಲ್ಲ. ಇ-ಕೋರ್ಟ್ಸ್‌ನಲ್ಲಿ ಕೇಸಿನ ಮುಂದಿನ ತಾರೀಕು ನೋಡುವುದೂ ಹೀಗೇ, ಅಲ್ಲಿ ಕೇಳುತ್ತಿರುವುದು ಮನುಷ್ಯನೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಬೇರೆ ಇದೆ. ಇನ್ನು ಬ್ಯಾಂಕ್ ಖಾತೆ, ಇಮೇಲ್, ಡಿಜಿಲಾಕರ್‌ನಲ್ಲಿರುವ ಮಾರ್ಕ್ಸ್ ಕಾರ್ಡ್ ಇವೆಲ್ಲ ಲಾಗಿನ್‌ನ ಹಿಂದಿವೆ. ನಾವೆಲ್ಲ ದಿನವೂ ಡೀಪ್ ವೆಬ್ ಬಳಸುವವರೇ.

ಹಾಗಾಗಿ ಡೀಪ್ ವೆಬ್ ಎಂದರೆ ಕಳ್ಳರ ಸಂತೆ ಎಂದು ಹೆದರಿಸುವ ವಿಡಿಯೋಗಳನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಅವರು ಹೇಳುತ್ತಿರುವುದು ಡಾರ್ಕ್ ವೆಬ್ ಬಗ್ಗೆ. ಅದು ಡೀಪ್ ವೆಬ್‌ನ ಒಂದು ಸಣ್ಣ ಭಾಗ. ಅಲ್ಲಿಗೆ ಹೋಗಲು ಟಾರ್‌ನಂಥ ಬೇರೆ ಬ್ರೌಸರ್ ಬೇಕು. ಟಾರ್‌ನ ಹಿಂದಿರುವ, ಬಳಸುವವರ ಗುರುತು ಮರೆಮಾಡುವ ತಂತ್ರವನ್ನು 1990ರ ದಶಕದಲ್ಲಿ ರೂಪಿಸಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯ. ಡಾರ್ಕ್ ವೆಬ್‌ನಲ್ಲಿ ಮಾದಕ ವಸ್ತು ಮಾರುತ್ತಿದ್ದ ‘ಸಿಲ್ಕ್ ರೋಡ್’ ಅನ್ನು ಎಫ್‌ಬಿಐ 2013ರಲ್ಲಿ ಮುಚ್ಚಿಸಿತು, ನಿಜ. ಆದರೆ ಪತ್ರಕರ್ತರು ಸುದ್ದಿ ಮೂಲ ಕಾಪಾಡಲು ಬಳಸುವುದೂ ಅದೇ ಟಾರ್ ಅನ್ನು. ಸಮುದ್ರದಲ್ಲಿ ಮುಳುಗಿದ ಮಂಜುಗಡ್ಡೆಯ ಚಿತ್ರ ತೋರಿಸಿ, ‘ಡೀಪ್ ವೆಬ್ ಓಪನ್ ವೆಬ್‌ಗಿಂತ 500 ಪಟ್ಟು ದೊಡ್ಡದು’ ಎನ್ನುತ್ತಾರಲ್ಲ, ಆ ಅಂದಾಜು ಡೀಪ್ ವೆಬ್‌ನ ಗಾತ್ರ ಅಳೆಯಲು ಹೊರಟ ಮೈಕೆಲ್ ಬರ್ಗ್‌ಮನ್ ಅವರ 2001ರ ಬರಹದ್ದು. ಅವರು ಲೆಕ್ಕ ಹಾಕಿದ್ದು ಡೇಟಾಬೇಸ್‌ಗಳನ್ನು, ಅಪರಾಧಿಗಳ ಅಡ್ಡೆಗಳನ್ನಲ್ಲ.

ಕನ್ನಡಿಗರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಸರ್ಕಾರಿ ಆದೇಶಗಳೂ ಸೇರಿ ಎಷ್ಟೋ ಹಳೆಯ ಕನ್ನಡ ಕಡತಗಳನ್ನು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ಇರುವ ಸಾಮಾನ್ಯ ಸಂಕೇತ) ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿ ವೆಬ್‌ಗೆ ಹಾಕಿದ್ದಾರೆ. ಫಾಂಟ್ ಇದ್ದರೆ ನಮ್ಮ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ನೀವು ಕನ್ನಡದಲ್ಲಿ ಹುಡುಕಿದರೆ ಅವು ಸಿಗುವುದೇ ಇಲ್ಲ. ಬಾಗಿಲು ತೆರೆದಿದ್ದರೂ ನಮ್ಮ ಪಾಲಿಗೆ ಡೀಪ್ ವೆಬ್ ಆಗಿಬಿಟ್ಟಿವೆ. ಇವನ್ನು ಯೂನಿಕೋಡ್‌ಗೆ ತರುವ ಕೆಲಸ ಜಾಸ್ತಿ ಆಗಬೇಕು. ಜನರಿಗಾಗಿ ಬರೆದ ಆದೇಶ ಜನರಿಗೆ ಸಿಗಬೇಕಲ್ಲವೇ?

ಉಲ್ಟಾ ತೊಂದರೆಯೂ ಇದೆ. ಗೂಗಲ್‌ನಲ್ಲಿ ಬರದೇ ಇರುವುದಕ್ಕೆಲ್ಲ ಬೀಗ ಹಾಕಿದೆ ಎಂದುಕೊಳ್ಳಬಾರದು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಕೆಲಸಗಾರರ ಹೆಸರು, ಆಧಾರ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಒಂದು ಗೂಗಲ್ ಶೀಟ್‌ನಲ್ಲಿ ಇಟ್ಟು, ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಹಂಚಿದ್ದಾರೆ ಎಂದುಕೊಳ್ಳಿ. ಆ ಲಿಂಕ್ ಒಂದು ಸಲ ಯಾವುದೋ ತೆರೆದ ಪುಟದಲ್ಲಿ ಬಿತ್ತು ಅಂದರೆ ಕ್ರಾಲರ್ ಅದನ್ನು ಹಿಡಿಯಬಹುದು. 2020ರಲ್ಲಿ ವಾಟ್ಸ್‌ಆ್ಯಪ್ ಗ್ರೂಪ್‌ಗಳ ಆಹ್ವಾನದ ಲಿಂಕ್‌ಗಳು ಹೀಗೆಯೇ ಗೂಗಲ್ ಹುಡುಕಾಟದಲ್ಲಿ ಕಾಣಿಸಿಕೊಂಡಿದ್ದವು. ‘ಇದನ್ನು ಓದಬೇಡ’ ಎಂದು ಕ್ರಾಲರ್‌ಗೆ ಹೇಳುವ ರೋಬೋಟ್ಸ್ ಫೈಲ್ 1994ರಿಂದ ಇದೆ. ಅದು ಬರೀ ವಿನಂತಿ. ಕೇಳದ ಕ್ರಾಲರ್‌ಗಳೂ ಇವೆ.

ನಿಮ್ಮ ಕಡತಕ್ಕೆ ನಿಜವಾಗಿ ಬೀಗ ಇದೆಯಾ ಎಂದು ತಿಳಿಯಲು ಅದರ ಲಿಂಕನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ (ಬ್ರೌಸರ್‌ನಲ್ಲಿ ನಿಮ್ಮ ಲಾಗಿನ್ ಬಳಸದ ಖಾಸಗಿ ಕಿಟಕಿ) ತೆರೆಯಿರಿ. ಪಾಸ್‌ವರ್ಡ್ ಕೇಳದೆ ತೆರೆದುಕೊಂಡರೆ ಬೀಗ ಇಲ್ಲ. ತಕ್ಷಣ ಹಂಚಿಕೆ ಬದಲಿಸಿ, ಬೇಕಾದವರ ಇಮೇಲ್‌ಗೆ ಮಾತ್ರ ಅನುಮತಿ ಕೊಡಿ. ಮುಚ್ಚಿದ ಮೇಲೂ ಅದರ ಕುರುಹು ಹುಡುಕಾಟದಲ್ಲಿ ಕೆಲವು ದಿನ ಉಳಿಯಬಹುದು. ಅದನ್ನು ತೆಗೆಯಿರಿ ಎಂದು ಗೂಗಲ್‌ಗೇ ಕೋರಿಕೆ ಸಲ್ಲಿಸಲು ಅವಕಾಶ ಇದೆ, ದುಡ್ಡು ಕೊಡಬೇಕಿಲ್ಲ.