‘ವ್ಯವಹಾರ ಪಾಲುದಾರರು’ ಎಂದರೆ ಯಾರು? ಮಾಹಿತಿ ಹಂಚಿಕೆ ಒಪ್ಪಂದಗಳ ಹಿನ್ನೆಲೆ
ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಬೆಳೆಯುವ ರೈತರು ಸಾಲಕ್ಕಾಗಿ ಮೊಬೈಲ್ ಆ್ಯಪ್‌ನಲ್ಲಿ ಆಧಾರ್, ಪಹಣಿ, ಬ್ಯಾಂಕ್ ಖಾತೆಯ ವಿವರ ಕೊಡುವುದು ಈಗ ಹೊಸತಲ್ಲ. ಇಂತಹ ಆ್ಯಪ್‌ಗಳ ಒಪ್ಪಿಗೆ ಪತ್ರದಲ್ಲಿ ‘ನಿಮ್ಮ ಮಾಹಿತಿಯನ್ನು ನಮ್ಮ ವ್ಯವಹಾರ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು’ ಎಂಬ ವಾಕ್ಯ ಸಾಮಾನ್ಯ. ಆ ಪಾಲುದಾರರು ಸಾಲ ಕೊಡುವವರೋ, ವಸೂಲಿಗೆ ಬರುವವರೋ, ಬೀಜ-ಗೊಬ್ಬರ ಮಾರುವವರೋ ಎಂಬುದು ಆ ವಾಕ್ಯದಿಂದ ತಿಳಿಯುವುದಿಲ್ಲ. ಈ ಅಸ್ಪಷ್ಟತೆಯ ಬೇರು ಸೇವಾ ಒಪ್ಪಂದಗಳಲ್ಲಿದೆ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರರು ವ್ಯಾಪಾರದ ಲಾಭವನ್ನು ಹಂಚಿಕೊಳ್ಳುವವರು. ಸಂಸ್ಥೆಯ ಪರವಾಗಿ ಒಬ್ಬರು ಮಾಡಿದ ಕೆಲಸಕ್ಕೆ ಉಳಿದವರೂ ಹೊಣೆ. ಗಂಜಿನ ಅಡತಿ ಅಂಗಡಿಯನ್ನೋ ದಾಲ್ ಮಿಲ್ಲನ್ನೋ ಪಾಲುದಾರಿಕೆಯಲ್ಲಿ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ಮಾಹಿತಿ ಸೇವೆಯ ಒಪ್ಪಂದಗಳು ಆ ಹೆಸರನ್ನು ಉಳಿಸಿಕೊಂಡು, ‘ಇದರಿಂದ ಪಾಲುದಾರಿಕೆ ಉಂಟಾಗುವುದಿಲ್ಲ’ ಎಂಬ ಷರತ್ತಿನ ಮೂಲಕ ಹೊಣೆಯನ್ನು ಕಳಚಿಕೊಂಡವು.

ಹೊಣೆಯನ್ನು ಮತ್ತೆ ಕಟ್ಟುವ ಪ್ರಯತ್ನ ಮೊದಲು ಬ್ಯಾಂಕಿಂಗ್‌ನಲ್ಲಿ ಕಾಣಿಸಿತು. 2006ರಲ್ಲಿ ರಿಸರ್ವ್ ಬ್ಯಾಂಕ್ ಹಳ್ಳಿಗಳಲ್ಲಿ ವ್ಯವಹಾರ ಪ್ರತಿನಿಧಿಗಳನ್ನು, ಅಂದರೆ ನಾವು ಬ್ಯಾಂಕ್ ಮಿತ್ರ ಎನ್ನುವವರನ್ನು, ನೇಮಿಸಲು ಅನುಮತಿ ಕೊಟ್ಟಾಗ ಅವರ ಕೃತ್ಯಗಳಿಗೆ ಬ್ಯಾಂಕನ್ನೇ ಹೊಣೆಯಾಗಿಸಿತು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬಂದ 2011ರ ನಿಯಮಗಳು ಇಷ್ಟು ದೃಢವಾಗಿರಲಿಲ್ಲ. ಸೂಕ್ಷ್ಮ ಮಾಹಿತಿಯನ್ನು ಮೂರನೆಯವರಿಗೆ ಕೊಡುವ ಮೊದಲು ಅನುಮತಿ ಬೇಕೆಂದು ಅವು ಹೇಳಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಹೊರಟ ಸ್ಪಷ್ಟೀಕರಣವು, ಬೇರೆ ಸಂಸ್ಥೆಯೊಂದರ ಜೊತೆಗಿನ ಒಪ್ಪಂದದ ಮೇರೆಗೆ ಮಾಹಿತಿ ನಿರ್ವಹಿಸುವ ಕಂಪನಿಗಳನ್ನು ಸಂಗ್ರಹಣೆ ಮತ್ತು ಬಹಿರಂಗಪಡಿಸುವಿಕೆಯ ನಿಯಮಗಳಿಂದ ಹೊರಗಿಟ್ಟಿತು. ಹೊರಗುತ್ತಿಗೆ ಉದ್ಯಮಕ್ಕೆ ಇದರಿಂದ ನಿರಾಳವಾಯಿತು. ಮಾಹಿತಿ ಕೊಟ್ಟ ವ್ಯಕ್ತಿಯ ಪಾಲಿಗೆ ಮಾತ್ರ ಇದು ದೊಡ್ಡ ಬಿರುಕು ಎಂದೇ ನನ್ನ ಅಭಿಪ್ರಾಯ.

ಹೊರದೇಶಗಳು ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದವು. ಅಮೆರಿಕದ ಆರೋಗ್ಯ ಮಾಹಿತಿಯ ನಿಯಮಗಳು ಆಸ್ಪತ್ರೆಯ ಪರವಾಗಿ ರೋಗಿಯ ಮಾಹಿತಿ ನಿಭಾಯಿಸುವವರನ್ನು ಅವರ ಕೆಲಸದ ಆಧಾರದ ಮೇಲೆ ವ್ಯಾಖ್ಯಾನಿಸಿದ್ದವು. 2013ರಲ್ಲಿ ಅವರ ಉಪಗುತ್ತಿಗೆದಾರರನ್ನೂ ನೇರ ಹೊಣೆಗೆ ಒಳಪಡಿಸಲಾಯಿತು. 2018ರಲ್ಲಿ ಜಾರಿಗೆ ಬಂದ ಯುರೋಪಿನ ನಿಯಮದಲ್ಲಿ, ಮಾಹಿತಿ ಸಂಸ್ಕರಿಸುವ ಗುತ್ತಿಗೆದಾರನು ಮೂಲ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಆ ಕೆಲಸವನ್ನು ಮತ್ತೊಬ್ಬರಿಗೆ ವಹಿಸುವಂತಿಲ್ಲ.

ನಮ್ಮಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2022ರಲ್ಲಿ ರಿಸರ್ವ್ ಬ್ಯಾಂಕ್, ಡಿಜಿಟಲ್ ಸಾಲ ಕೊಡುವ ಬ್ಯಾಂಕುಗಳು ಹಾಗೂ ಹಣಕಾಸು ಸಂಸ್ಥೆಗಳು ತಮ್ಮ ಸಾಲ ಸೇವಾದಾರರ, ಅಂದರೆ ತಮ್ಮ ಪರವಾಗಿ ಗ್ರಾಹಕರನ್ನು ಹುಡುಕುವ, ಸಾಲ ವಸೂಲಿ ಮಾಡುವಂತಹ ಸಂಸ್ಥೆಗಳ, ಪಟ್ಟಿಯನ್ನು ಪ್ರಕಟಿಸಬೇಕೆಂದಿತು. ಮರುವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಪಾಲುದಾರ ಎಂಬ ವರ್ಗವೇ ಇಲ್ಲ. ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವರು ಒಂದು ವರ್ಗ, ಅವರ ಪರವಾಗಿ ಸಂಸ್ಕರಿಸುವವರು ಇನ್ನೊಂದು. ಎರಡನೆಯವರನ್ನು ಊರ್ಜಿತ ಒಪ್ಪಂದದ ಮೇಲೆ ಮಾತ್ರ ತೊಡಗಿಸಬಹುದು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕಾಯ್ದೆಯ ಪಾಲನೆಯ ಹೊಣೆ ಮೊದಲನೆಯವರದೇ. ಒಪ್ಪಿಗೆ ಕೊಟ್ಟ ವ್ಯಕ್ತಿಯು ತನ್ನ ಮಾಹಿತಿ ಯಾರ ಯಾರ ಕೈಗೆ ಹೋಗಿದೆ ಎಂದು ಕೇಳಿ ತಿಳಿಯಬಹುದು. ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯೂ ಅವರಿಗಿದೆ.

ಈ ಕಾಯ್ದೆಯಡಿ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಈ ಮುಖ್ಯ ಕರ್ತವ್ಯ ಹಾಗೂ ಹಕ್ಕುಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿವೆ. ನಮ್ಮ ಭಾಗದ ರೈತ ಉತ್ಪಾದಕ ಕಂಪನಿಗಳೂ ಪತ್ತಿನ ಸಹಕಾರ ಸಂಘಗಳೂ ಇದನ್ನು ಗಮನಿಸಬೇಕು, ಏಕೆಂದರೆ ಸದಸ್ಯರ ಮಾಹಿತಿಯನ್ನು ಡಿಜಿಟಲ್ ರೂಪದಲ್ಲಿ ಇಟ್ಟು ಇತರರಿಗೆ ಕೊಡುವಾಗ ಅವು ತಾವೇ ಮೊದಲ ವರ್ಗಕ್ಕೆ ಸೇರಬಹುದು. ಮಾಹಿತಿ ಪಡೆಯುವ ಸಂಸ್ಥೆ ತಂದ ಒಪ್ಪಂದದ ಕರಡಿನಲ್ಲಿ ‘ಪಾಲುದಾರರು ಹಾಗೂ ಕಾಲಕಾಲಕ್ಕೆ ಸೇರುವ ಇತರರು’ ಎಂದಷ್ಟೇ ಇದ್ದರೆ ಸಹಿ ಹಾಕುವ ಮೊದಲು ಪ್ರತಿಯೊಬ್ಬರ ಹೆಸರು, ಅವರಿಗೆ ಸಿಗುವ ಮಾಹಿತಿ, ಬಳಕೆಯ ಉದ್ದೇಶ ಮತ್ತು ಅಳಿಸುವ ಅವಧಿಯನ್ನು ಅನುಬಂಧದಲ್ಲಿ ಬರೆಸಿಕೊಳ್ಳಬೇಕು. ಹೊಸಬರು ಸೇರುವುದಾದರೆ ಸಂಘದ ಲಿಖಿತ ಅನುಮತಿ ಬೇಕೆಂಬ ಷರತ್ತನ್ನೂ ಸೇರಿಸಬೇಕು.