ರನ್ ಡಿಫರೆನ್ಷಿಯಲ್: ನೆಟ್ ರನ್ ರೇಟ್ ಅಲ್ಲ, ಹಣೆಬರಹವೂ ಅಲ್ಲ

ಜುಲೈ ಮಧ್ಯದಲ್ಲಿ ಆಲ್‌ಸ್ಟಾರ್ ಪಂದ್ಯಕ್ಕಾಗಿ ಮೇಜರ್ ಲೀಗ್ ಬೇಸ್‌ಬಾಲ್ ಕೆಲವು ದಿನ ಬಿಡುವು ಕೊಡುತ್ತದೆ. ಆ ಹೊತ್ತಿಗೆ ಪ್ರತಿ ತಂಡವೂ 162 ಪಂದ್ಯಗಳ ಪೈಕಿ ಸುಮಾರು 95 ಮುಗಿಸಿರುತ್ತದೆ. ಯಾವ ತಂಡ ನಿಜಕ್ಕೂ ಗಟ್ಟಿ, ಯಾವುದು ಪ್ಲೇಆಫ್ ನಡೆಯುವ ಅಕ್ಟೋಬರ್‌ವರೆಗೆ ಬಾಳುತ್ತದೆ ಎಂಬ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಜಗಳದಲ್ಲಿ ಎಲ್ಲರ ಬಾಯಲ್ಲೂ ಬರುವ ಪದ ರನ್ ಡಿಫರೆನ್ಷಿಯಲ್, ಅಂದರೆ ರನ್ ಅಂತರ. ಅಮೆರಿಕದಲ್ಲಿ ನೆಲೆಸಿ ಬೇಸ್‌ಬಾಲ್ ಹುಚ್ಚು ಹತ್ತಿಸಿಕೊಂಡ ಕನ್ನಡಿಗರೂ ಇದನ್ನು ಧಾರಾಳವಾಗಿ ಬಳಸುತ್ತಾರೆ, ಹೆಚ್ಚಿನ ಸಲ ತಪ್ಪಾಗಿಯೇ ಬಳಸುತ್ತಾರೆ. ಒಬ್ಬರು ಅದನ್ನು ಸೀದಾ ನೆಟ್ ರನ್ ರೇಟ್ ಎಂದುಬಿಡುತ್ತಾರೆ. ಇನ್ನೊಬ್ಬರು, ರನ್ ಅಂತರ ಸೊನ್ನೆಯ ಹತ್ತಿರ ಇರುವುದರಿಂದ ಆ ತಂಡದ ಗೆಲುವುಗಳೆಲ್ಲ ಸುಳ್ಳು, ಆಗಸ್ಟ್‌ನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ ಎಂದು ತೀರ್ಪು ಕೊಡುತ್ತಾರೆ. ಎರಡೂ ತಪ್ಪು. ಎರಡನೆಯದು ಹೆಚ್ಚು ಕೆಡುಕಿನ ತಪ್ಪು.

ಲೆಕ್ಕ ಸರಳ: ತಂಡ ಗಳಿಸಿದ ಒಟ್ಟು ರನ್‌ಗಳಿಂದ ಬಿಟ್ಟುಕೊಟ್ಟ ಒಟ್ಟು ರನ್‌ಗಳನ್ನು ಕಳೆಯುವುದು. ಇದರಲ್ಲಿ ದರ ಇಲ್ಲ, ಓವರ್ ಇಲ್ಲ, ಭಾಗಾಕಾರವೂ ಇಲ್ಲ.

ನೆಟ್ ರನ್ ರೇಟ್‌ನಲ್ಲಿ ಭಾಗಾಕಾರ ಏಕೆ ಬೇಕಾಯಿತು? ಕ್ರಿಕೆಟ್‌ನಲ್ಲಿ ಬೆನ್ನಟ್ಟುವ ತಂಡ ಗುರಿ ಮುಟ್ಟಿದ ಕೂಡಲೇ ಆಟ ನಿಲ್ಲುತ್ತದೆ. ಹದಿನಾಲ್ಕನೇ ಓವರಿನಲ್ಲಿ ಗೆದ್ದರೂ ಇಪ್ಪತ್ತನೇ ಓವರಿನ ಕೊನೆಯ ಎಸೆತದಲ್ಲಿ ಗೆದ್ದರೂ ರನ್ ಅಂತರ ಹೆಚ್ಚು ಕಡಿಮೆ ಅಷ್ಟೇ. ಆ ಎರಡು ಗೆಲುವುಗಳನ್ನು ಬೇರೆ ಬೇರೆಯಾಗಿ ತೂಗಬೇಕಾದರೆ ರನ್ನನ್ನು ಓವರಿನಿಂದ ಭಾಗಿಸದೆ ಗತಿಯಿಲ್ಲ. ಬೇಸ್‌ಬಾಲ್‌ನಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ. ಎರಡೂ ತಂಡಗಳು ಒಂಬತ್ತು ಇನಿಂಗ್ಸ್‌ಗಳಲ್ಲಿ ಸರದಿಯಂತೆ ಬ್ಯಾಟ್ ಹಿಡಿಯುತ್ತವೆ. ಆತಿಥೇಯ ತಂಡ ಮುಂದಿದ್ದರೆ ಮಾತ್ರ ಒಂಬತ್ತನೆಯ ಇನಿಂಗ್ಸ್‌ನ ಎರಡನೆಯ ಅರ್ಧವನ್ನು ಆಡುವುದಿಲ್ಲ. ಆ ಅರ್ಧದಲ್ಲಿ ಗೆಲುವಿನ ರನ್ ಬಂದ ಕೂಡಲೇ ಆಟ ಮುಗಿಯುವುದೂ ಉಂಟು. ಇದರಿಂದ ಲೆಕ್ಕ ಸ್ವಲ್ಪ ಸೊಟ್ಟಗಾಗುತ್ತದೆ, ಆದರೆ ಇಡೀ ಋತುವಿನ ಒಟ್ಟು ಮೊತ್ತದಲ್ಲಿ ಅದು ದೊಡ್ಡದಲ್ಲ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆ ಇದೆ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಆರ್‌ಸಿಬಿ 218 ರನ್ ಗಳಿಸಿತ್ತು. ಚೆನ್ನೈ ಗೆಲ್ಲಲೇಬೇಕೆಂದಿರಲಿಲ್ಲ, 201 ಮುಟ್ಟಿದ್ದರೆ ಸೋತೂ ಪ್ಲೇಆಫ್‌ಗೆ ಹೋಗುತ್ತಿತ್ತು. ಯಶ್ ದಯಾಳ್ ಕೊನೆಯ ಓವರ್ ಎಸೆಯುವಾಗ ಇಡೀ ಕ್ರೀಡಾಂಗಣ ಲೆಕ್ಕ ಹಾಕುತ್ತಿದ್ದದ್ದು ಆ 201ರದ್ದು. ಚೆನ್ನೈ 191ಕ್ಕೆ ನಿಂತಿತು. ಎರಡೂ ತಂಡಗಳಿಗೆ 14 ಅಂಕ ಬಂದು, ರನ್ ರೇಟ್ ಬಲದಿಂದ ಆರ್‌ಸಿಬಿ ಮುಂದೆ ಹೋಯಿತು. ಅಂದರೆ ನೆಟ್ ರನ್ ರೇಟ್ ಪಟ್ಟಿಯೊಳಗಿನ ನಿಯಮ. ಆಟಗಾರರು ಅದಕ್ಕಾಗಿಯೇ ಆಡುತ್ತಾರೆ, ನಾಯಕರು ಅದಕ್ಕಾಗಿಯೇ ಬೌಲಿಂಗ್ ಬದಲಿಸುತ್ತಾರೆ.

ಮೇಜರ್ ಲೀಗ್‌ನಲ್ಲಿ ರನ್ ಡಿಫರೆನ್ಷಿಯಲ್‌ಗೆ ಆ ಅಧಿಕಾರ ಎಳ್ಳಷ್ಟೂ ಇಲ್ಲ. ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳಲ್ಲಿ ಪ್ರತಿಯೊಂದರಿಂದ ಮೂರು ಡಿವಿಷನ್ (ಗುಂಪು) ವಿಜೇತರು, ಉಳಿದವುಗಳಲ್ಲಿ ಹೆಚ್ಚು ಗೆದ್ದ ಮೂರು ವೈಲ್ಡ್ ಕಾರ್ಡ್ ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. 2022ರಿಂದ ಇದೇ ಪದ್ಧತಿ. ಎರಡು ತಂಡಗಳ ಗೆಲುವು ಸಮವಾದರೆ ಮೊದಲು ನೋಡುವುದು ಅವು ಪರಸ್ಪರ ಆಡಿದ ಪಂದ್ಯಗಳಲ್ಲಿ ಯಾರು ಮೇಲುಗೈ ಎಂಬುದನ್ನು. ಅಲ್ಲಿಯೂ ಸಮವಾದರೆ ಸ್ವಂತ ಡಿವಿಷನ್‌ನೊಳಗಿನ ಸಾಧನೆ, ಅನಂತರ ಇನ್ನಿತರ ಗೆಲುವು-ಸೋಲಿನ ಲೆಕ್ಕಗಳು. ರನ್ ಎಣಿಕೆ ಎಲ್ಲಿಯೂ ಬರುವುದಿಲ್ಲ. 2024ರಲ್ಲಿ ನ್ಯಾಷನಲ್ ಲೀಗ್‌ನ ಮೆಟ್ಸ್, ಬ್ರೇವ್ಸ್, ಡೈಮಂಡ್‌ಬ್ಯಾಕ್ಸ್ ಮೂರೂ 89 ಗೆಲುವುಗಳಲ್ಲಿ ನಿಂತವು. ಉಳಿದಿದ್ದ ಸ್ಥಾನ ಎರಡು. ಮೂರರಲ್ಲಿ ಹೆಚ್ಚಿನ ರನ್ ಅಂತರ ಇದ್ದದ್ದು ಡೈಮಂಡ್‌ಬ್ಯಾಕ್ಸ್‌ಗೆ. 886 ರನ್ ಹೊಡೆದು ಆ ವರ್ಷ ಇಡೀ ಮೇಜರ್ ಲೀಗ್‌ನಲ್ಲೇ ಅತಿ ಹೆಚ್ಚು ರನ್ ಗಳಿಸಿದ ತಂಡ ಅದು. ಮನೆಗೆ ಹೋದದ್ದೂ ಅದೇ ತಂಡ. ಇನ್ನೆರಡು ತಂಡಗಳೂ ಪರಸ್ಪರ ಪಂದ್ಯಗಳಲ್ಲಿ ಅದನ್ನು ಹಿಂದಿಕ್ಕಿದ್ದವು, ಅಷ್ಟು ಸಾಕಾಯಿತು. ನೆಟ್ ರನ್ ರೇಟ್ ಎಂಬ ಹೆಸರಿಟ್ಟು ಓದುವವರಿಗೆ ಇದು ಅನ್ಯಾಯವಾಗಿ ಕಂಡಿತು. ಹೆಸರೇ ತಪ್ಪಿದಾಗ ಹಾಗೆ ಕಾಣುವುದು ಸಹಜ.

ಈ ಅಧಿಕಾರವಿಲ್ಲದ ಸ್ಥಿತಿಯೇ ರನ್ ಡಿಫರೆನ್ಷಿಯಲ್‌ನ ಬೆಲೆಯನ್ನು ಹೆಚ್ಚಿಸಿದೆ ಎಂಬುದು ನನ್ನ ಅಭಿಪ್ರಾಯ. ಯಾರೂ ಅದಕ್ಕಾಗಿ ಆಡುವುದಿಲ್ಲ. ಎಂಟು ರನ್ ಮುಂದಿರುವ ಮ್ಯಾನೇಜರ್ ತನ್ನ ಅತ್ಯುತ್ತಮ ಪಿಚರ್‌ನನ್ನು (ಚೆಂಡೆಸೆಯುವವನನ್ನು) ನಾಳೆಗೆ ಉಳಿಸಿಕೊಳ್ಳುತ್ತಾನೆಯೇ ಹೊರತು ಅಂತರ ಹಿಗ್ಗಿಸಲು ಕಳಿಸುವುದಿಲ್ಲ. ಪಟ್ಟಿಯ ಆಸೆಯಿಂದ ಯಾರೂ ತಿದ್ದದ ಸಂಖ್ಯೆ ಇದು, ಆದ್ದರಿಂದಲೇ ತಂಡದ ಕಸುವಿನ ಬಗ್ಗೆ ಇದರ ಸಾಕ್ಷ್ಯ ನಂಬುವಂಥದ್ದು.

ಈ ಸಾಕ್ಷ್ಯವನ್ನು ಗೆಲುವಿನ ಭಾಷೆಗೆ ತಂದವರು ಬಿಲ್ ಜೇಮ್ಸ್. 1970ರ ದಶಕದಲ್ಲಿ ಅವರು ಕ್ಯಾನ್ಸಸ್‌ನ ಲಾರೆನ್ಸ್ ಎಂಬ ಊರಿನ ಆಹಾರ ಡಬ್ಬಿಗಳ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕಾವಲುಗಾರರಾಗಿದ್ದರು. ಪಾಳಿಯ ಬಿಡುವಿನಲ್ಲಿ ಬೇಸ್‌ಬಾಲ್ ಅಂಕಿಅಂಶಗಳನ್ನು ಕೂಡಿ ಕಳೆದು, 1977ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ವಾರ್ಷಿಕವನ್ನು ಪ್ರಕಟಿಸತೊಡಗಿದರು. ಅವರು ಕಂಡುಕೊಂಡ ಸೂತ್ರ ಹೀಗಿದೆ: ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ರನ್‌ಗಳ ವರ್ಗ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗ ಇವೆರಡರ ಮೊತ್ತದಿಂದ ಭಾಗಿಸಿ. ಬಂದದ್ದು ಆ ತಂಡ ಗೆಲ್ಲಬೇಕಿದ್ದ ಪಂದ್ಯಗಳ ಪ್ರಮಾಣ. ಛೇದದಲ್ಲಿ ಎರಡು ವರ್ಗಗಳ ಮೊತ್ತ ಕಂಡು ಶಾಲೆಯ ಪ್ರಮೇಯ ನೆನಪಾಗಿ ಇದಕ್ಕೆ ಪೈಥಾಗೊರಸ್ ಹೆಸರು ಅಂಟಿತು. ಲಂಬಕೋನ ತ್ರಿಭುಜಕ್ಕೂ ಬೇಸ್‌ಬಾಲ್ ಮೈದಾನದ ಚೌಕಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಬೇಸ್‌ಗಳ ನಡುವಿನ ದೂರದಿಂದ ಸೂತ್ರ ಹುಟ್ಟಿತೆಂದು ವಿವರಿಸುವವರನ್ನು ನಂಬಬೇಡಿ. ಮುಂದೆ ಲೆಕ್ಕ ಪರಿಷ್ಕರಿಸಿದವರು ಘಾತವನ್ನು 2ರ ಬದಲು 1.83ಕ್ಕೆ ಇಳಿಸಿದರು, ಅದು ವಾಸ್ತವಕ್ಕೆ ಇನ್ನೂ ಹತ್ತಿರ. ಈಗ ವರ್ಗವೇ ಉಳಿದಿಲ್ಲ, ಹೆಸರು ಮಾತ್ರ ಉಳಿದಿದೆ. ಬಾಯಿಲೆಕ್ಕ ಬೇಕಿದ್ದವರಿಗೆ ಇನ್ನೊಂದು ದಾರಿಯಿದೆ: 162ರ ಅರ್ಧವಾದ 81ರ ಮೇಲೆ, ಹತ್ತು ರನ್ ಅಂತರಕ್ಕೆ ಒಂದು ಗೆಲುವು.

2023ರ ಸ್ಯಾನ್ ಡಿಯೇಗೊ ಪ್ಯಾಡ್ರೇಸ್ ತಂಡವನ್ನು ಜೇಮ್ಸ್ ಅವರ ವರ್ಗದ ಸೂತ್ರಕ್ಕೆ ಒಡ್ಡಿ ನೋಡಿ. ಗಳಿಸಿದ್ದು 752, ಬಿಟ್ಟುಕೊಟ್ಟದ್ದು 648. ಸೂತ್ರದ ಪ್ರಕಾರ ಸುಮಾರು 93 ಗೆಲುವು ಬರಬೇಕಿತ್ತು. ಬಂದದ್ದು 82. ಒಂದೇ ರನ್ನಿನಿಂದ ತೀರ್ಮಾನವಾದ ಪಂದ್ಯಗಳಲ್ಲಿ 9 ಗೆದ್ದು 23 ಸೋತರು. ಒಂಬತ್ತರ ಕೊನೆಗೆ ಸಮವಾಗಿ ಹೆಚ್ಚುವರಿ ಇನಿಂಗ್ಸ್‌ಗೆ ಹೋದ ಹದಿನಾಲ್ಕರಲ್ಲಿ ಗೆದ್ದದ್ದು ಎರಡು. ಅದೇ ವರ್ಷ ಮಯಾಮಿ ಮಾರ್ಲಿನ್ಸ್ 666 ಗಳಿಸಿ 723 ಬಿಟ್ಟುಕೊಟ್ಟಿತು. ಸೂತ್ರ ಹೇಳಿದ್ದು 74, ತಂಡ ಗೆದ್ದದ್ದು 84, ಒಂದು ರನ್ ಪಂದ್ಯಗಳಲ್ಲಿ 33–14 (33 ಗೆಲುವು, 14 ಸೋಲು). ಮಾರ್ಲಿನ್ಸ್ ಪ್ಲೇಆಫ್‌ಗೆ ಹೋಯಿತು, ಪ್ಯಾಡ್ರೇಸ್ ಎರಡು ಗೆಲುವಿನ ಕೊರತೆಯಿಂದ ಹೊರಗುಳಿಯಿತು. ಯಾವ ತಂಡ ಗಟ್ಟಿ ಎಂದು ಆಗ ಕೇಳಿದ್ದರೆ ನಾನು ಪ್ಯಾಡ್ರೇಸ್ ಎಂದೇ ಹೇಳುತ್ತಿದ್ದೆ, ಈಗಲೂ ಹಾಗೆಯೇ ಹೇಳುತ್ತೇನೆ. ಮರುವರ್ಷ ಹ್ವಾನ್ ಸೋಟೊನಂಥ ಆಟಗಾರನನ್ನು ಬಿಟ್ಟುಕೊಟ್ಟ ಮೇಲೂ ಪ್ಯಾಡ್ರೇಸ್ 93 ಗೆದ್ದಿತು, ಮಾರ್ಲಿನ್ಸ್ 100 ಸೋತಿತು. ಮಾರ್ಲಿನ್ಸ್ ನಡುವೆ ಆಟಗಾರರನ್ನು ಮಾರಿಕೊಂಡದ್ದೂ ಅದರಲ್ಲಿ ಸೇರಿದೆ ಎಂಬುದನ್ನು ಮರೆಯಬಾರದು.

ಈಗ ಆ ಕೆಡುಕಿನ ತಪ್ಪಿಗೆ ಬರೋಣ. ಒಂದು ತಂಡ 95 ಪಂದ್ಯಗಳಲ್ಲಿ 55 ಗೆದ್ದಿದೆ, ರನ್ ಅಂತರ ಸೊನ್ನೆ ಎಂದಿಟ್ಟುಕೊಳ್ಳಿ. ತೀರ್ಪುಗಾರರು ಹೇಳುವುದು: ಇವರು ಅದೃಷ್ಟದಲ್ಲಿ ಏಳೆಂಟು ಗೆಲುವು ಹೆಚ್ಚು ಪಡೆದಿದ್ದಾರೆ, ಮುಂದೆ ಅಷ್ಟನ್ನು ಕಳೆದುಕೊಂಡು 81ಕ್ಕೆ ಬಂದು ನಿಲ್ಲುತ್ತಾರೆ. ಯಾಕೆ ನಿಲ್ಲಬೇಕು? ಅದೃಷ್ಟವು ಬಡ್ಡಿ ಸಮೇತ ವಸೂಲಿಗೆ ಬರುವ ಸಾಲಗಾರನಲ್ಲ. ಸೊನ್ನೆ ಅಂತರ ಹೇಳುವುದು ಇಷ್ಟೇ: ಇದು ಸರಾಸರಿ ತಂಡ, ಉಳಿದ 67ರಲ್ಲಿ ಅರ್ಧದಷ್ಟು, ಅಂದರೆ 33 ಅಥವಾ 34 ಗೆಲ್ಲಬಹುದು. ಈಗಾಗಲೇ ಗೆದ್ದ 55 ಎಲ್ಲಿಗೂ ಹೋಗುವುದಿಲ್ಲ. ಒಟ್ಟು 88 ಅಥವಾ 89 ಆಗುತ್ತದೆ. 2023ರಲ್ಲಿ ನ್ಯಾಷನಲ್ ಲೀಗ್‌ನ ಕೊನೆಯ ವೈಲ್ಡ್ ಕಾರ್ಡ್ 84ಕ್ಕೆ ದಕ್ಕಿತು, 2024ರಲ್ಲಿ 89ಕ್ಕೆ. ಹಾಗಾದರೆ ಆ ಸರಾಸರಿ ತಂಡ ಪ್ಲೇಆಫ್ ಪೈಪೋಟಿಯ ನಡುಮಧ್ಯದಲ್ಲಿದೆ. ಕಸುವು ಒಂದು ಪ್ರಶ್ನೆ, ಪ್ಲೇಆಫ್ ಸಾಧ್ಯತೆ ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ರನ್ ಅಂತರ ನೋಡಿ. ಎರಡನೆಯದಕ್ಕೆ ಕೈಯಲ್ಲಿರುವ ಗೆಲುವು, ಉಳಿದ ಪಂದ್ಯ, ಎದುರಾಳಿಗಳ ಪಟ್ಟಿ ಇವೆಲ್ಲವೂ ಬೇಕು. ಜುಲೈ ವಾದಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ಎರಡನ್ನು ಒಂದೇ ಉಸಿರಿನಲ್ಲಿ ಹೇಳುವುದರಿಂದ.

2016ರ ಟೆಕ್ಸಸ್ ರೇಂಜರ್ಸ್ ಇದಕ್ಕೆ ಉತ್ತಮ ಉದಾಹರಣೆ. 765 ಗಳಿಸಿ 757 ಬಿಟ್ಟುಕೊಟ್ಟ ತಂಡ 95 ಗೆದ್ದಿತು. ಒಂದು ರನ್ ಪಂದ್ಯಗಳಲ್ಲಿ 36–11 ಸಾಧಿಸಿತು. ವರ್ಷವಿಡೀ ಕುಸಿಯುತ್ತದೆ, ಕುಸಿಯುತ್ತದೆ ಎಂದು ಕಾದವರ ಮುಂದೆ ಅದು ಅಮೆರಿಕನ್ ಲೀಗ್‌ನ ಅಗ್ರಸ್ಥಾನದಲ್ಲೇ ಋತು ಮುಗಿಸಿತು. ಅನಂತರ ಟೊರಾಂಟೊ ವಿರುದ್ಧ ಸತತ ಮೂರು ಪಂದ್ಯ ಸೋತಾಗ, ನೋಡಿ, ನಾವು ಹೇಳಲಿಲ್ಲವೇ ಎಂದರು. ಮೂರು ಪಂದ್ಯ ಯಾವುದಕ್ಕೂ ಪುರಾವೆಯಲ್ಲ. ನಿಜವಾದ ಪುರಾವೆ ಬೇಕಿದ್ದರೆ ಬಾಲ್ಟಿಮೋರ್ ಓರಿಯೋಲ್ಸ್ ನೋಡಬೇಕು. 2012ರಲ್ಲಿ ಅಂತರ ಕೇವಲ 7, ಒಂದು ರನ್ ಪಂದ್ಯಗಳಲ್ಲಿ 29–9, ಗೆಲುವು 93. 2013ರಲ್ಲಿ ಅಂತರ 36ಕ್ಕೆ ಏರಿತು, ತಂಡ ಸುಧಾರಿಸಿತ್ತು. ಆದರೆ ಒಂದು ರನ್ ಪಂದ್ಯಗಳಲ್ಲಿ 20–31 ಆಗಿ ಗೆಲುವು 85ಕ್ಕೆ ಇಳಿಯಿತು. ಒಳ್ಳೆಯ ಬುಲ್‌ಪೆನ್, ಅಂದರೆ ಪಂದ್ಯದ ನಡುವೆ ಇಳಿಯುವ ಬದಲಿ ಪಿಚರ್‌ಗಳ ಪಡೆ, ಇದ್ದರೆ ಇಂಥ ಬಿಗಿ ಪಂದ್ಯಗಳಲ್ಲಿ ಸ್ವಲ್ಪ ನೆರವಾಗುತ್ತದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದೇ ತಂಡ ವರ್ಷ ವರ್ಷವೂ ಹಾಗೆ ಗೆಲ್ಲುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಬೇಡ. ಸಿಯಾಟಲ್ ಮ್ಯಾರಿನರ್ಸ್ 2021ರಲ್ಲಿ 51 ರನ್ ಕೊರತೆಯೊಂದಿಗೆ 90 ಗೆದ್ದು ಹೊರಗುಳಿಯಿತು. 2022ರಲ್ಲಿ 67 ರನ್ ಮಿಗತೆಯೊಂದಿಗೆ ಗೆದ್ದದ್ದೂ ಅಷ್ಟೇ 90, ಈ ಸಲ ಎರಡು ದಶಕದ ಬರ ನೀಗಿ ಪ್ಲೇಆಫ್ ಸೇರಿತು.

ಸಂಖ್ಯೆ ಮೋಸ ಮಾಡುವ ಜಾಗಗಳೂ ಇವೆ. 2007ರ ಆಗಸ್ಟ್ 22ರಂದು ರೇಂಜರ್ಸ್ ಬಾಲ್ಟಿಮೋರ್‌ನಲ್ಲಿ 30–3ರಿಂದ ಗೆದ್ದಿತು. ಪಟ್ಟಿಯಲ್ಲಿ ಅದು ಒಂದು ಗೆಲುವು, ಅಂತರದಲ್ಲಿ 27 ರನ್. ಪಂದ್ಯ ಕೈತಪ್ಪಿದ ಮೇಲೆ ಪಿಚರ್‌ಗಳನ್ನು ದಣಿಸದೆ ಯಾರೋ ಫೀಲ್ಡರ್‌ನನ್ನು ಚೆಂಡೆಸೆಯಲು ನಿಲ್ಲಿಸುವ ಪರಿಪಾಠವೂ ಇದೆ. ಆಗ ಬರುವ ರನ್‌ಗಳು ಎದುರಾಳಿಯ ಕಸುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದೆರಡು ಭಾರೀ ಗೆಲುವುಗಳಿಂದ ಉಬ್ಬಿದ ಅಂತರವನ್ನು ಜುಲೈನಲ್ಲಿ ಕಂಡರೆ ಆ ಪಂದ್ಯಗಳನ್ನು ಹುಡುಕಿ ನೋಡುವುದು ಒಳ್ಳೆಯದು.

ಇನ್ನೂ ದೊಡ್ಡ ಮಿತಿಯೆಂದರೆ, ರನ್ ಅಂತರಕ್ಕೆ ಗೊತ್ತಿರುವುದು ಈವರೆಗೆ ಆಡಿದ ತಂಡ ಮಾತ್ರ. 2021ರ ಬಿಡುವಿನ ಹೊತ್ತಿಗೆ ಅಟ್ಲಾಂಟಾ ಬ್ರೇವ್ಸ್ 44 ಗೆದ್ದು 45 ಸೋತಿತ್ತು. ತಾರೆ ರೊನಾಲ್ಡ್ ಅಕೂನ್ಯ ಮೊಣಕಾಲಿನ ಗಾಯದಿಂದ ವರ್ಷದ ಆಟ ಮುಗಿಸಿದ್ದ. ಆ ತಿಂಗಳು ಮುಗಿಯುವುದರೊಳಗೆ ತಂಡ ಜಾಕ್ ಪೀಡರ್ಸನ್, ಆಡಂ ಡುವಾಲ್, ಹೋರ್ಹೆ ಸೋಲೇರ್, ಎಡ್ಡಿ ರೊಸಾರಿಯೊ ಎಂಬ ನಾಲ್ವರು ಔಟ್‌ಫೀಲ್ಡರ್‌ಗಳನ್ನು ತಂದುಕೊಂಡಿತು. ರೊಸಾರಿಯೊ ಲೀಗ್ ಚಾಂಪಿಯನ್‌ಷಿಪ್ ಸರಣಿಯ, ಸೋಲೇರ್ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರರಾದರು, ಬ್ರೇವ್ಸ್ ಚಾಂಪಿಯನ್ ಆಯಿತು. ಆಗಸ್ಟ್ ನಂತರದ ಬ್ರೇವ್ಸ್ ಬೇರೆಯೇ ತಂಡ. ಜುಲೈನ ಯಾವ ಲೆಕ್ಕವೂ ಅದನ್ನು ಅಳೆದಿರಲು ಸಾಧ್ಯವಿರಲಿಲ್ಲ.

ಪ್ಲೇಆಫ್ ಶುರುವಾದ ಮೇಲೆ ಈ ಪದವನ್ನು ಎತ್ತಿಡುವುದೇ ಲೇಸು. 2023ರಲ್ಲಿ 15 ರನ್ ಕೊರತೆಯ ಡೈಮಂಡ್‌ಬ್ಯಾಕ್ಸ್ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. 1960ರ ವರ್ಲ್ಡ್ ಸೀರೀಸ್‌ನಲ್ಲಂತೂ ಯಾಂಕೀಸ್ ಒಟ್ಟು 55 ರನ್ ಗಳಿಸಿ 27 ಮಾತ್ರ ಬಿಟ್ಟುಕೊಟ್ಟು ಸೋತಿತು. ಅದರ ಮೂರು ಗೆಲುವುಗಳು 16–3, 10–0, 12–0. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ನಾಲ್ಕು ಗೆಲುವುಗಳು 6–4, 3–2, 5–2, ಕೊನೆಗೆ ಬಿಲ್ ಮ್ಯಾಜರಾಸ್ಕಿಯ ಹೋಂ ರನ್‌ನಿಂದ 10–9. ಆ ವಾರ ಯಾಂಕೀಸ್ ಹೆಚ್ಚು ಬಲಿಷ್ಠ ತಂಡವಾಗಿತ್ತು ಎಂದು ರನ್ ಅಂತರದ ಆಧಾರದ ಮೇಲೆ ವಾದಿಸುವವರ ಜೊತೆ ನನ್ನ ತಕರಾರಿಲ್ಲ. ಪೈರೇಟ್ಸ್‌ನ ಗೆಲುವು ಅದರಿಂದ ಕಿರಿದಾಯಿತು ಎಂದರೆ ಮಾತ್ರ ಒಪ್ಪಲಾರೆ.