ವಾಲ್‌ಪೇಪರಿನ ಹಿಂದಿನ ಹೆಂಗಸು

ಅಮೆರಿಕದ ಲೇಖಕಿ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಅವರ ನೀಳ್ಗತೆ ‘ದಿ ಯೆಲ್ಲೋ ವಾಲ್‌ಪೇಪರ್’ 1892ರಲ್ಲಿ ಅಚ್ಚಾದಾಗ ಬಾಸ್ಟನ್ನಿನ ವೈದ್ಯರೊಬ್ಬರು ಪತ್ರಿಕೆಗೆ ಬರೆದು ರೇಗಿದರು: ಇಂಥದ್ದನ್ನು ಬರೆಯಲೇಬಾರದು, ಓದಿದವರಿಗೆ ಹುಚ್ಚು ಹಿಡಿದೀತು. ಕ್ಯಾನ್ಸಸ್‌ನ ಇನ್ನೊಬ್ಬ ವೈದ್ಯರು ಮಾತ್ರ, ಬುದ್ಧಿ ಕದಡಲು ಶುರುವಾಗುವ ಬಗೆಯನ್ನು ಇಷ್ಟು ಕರಾರುವಾಕ್ಕಾಗಿ ಬರೆದದ್ದನ್ನು ತಾವು ನೋಡಿಲ್ಲ ಎಂದು ಮೆಚ್ಚಿದರು. ಇಬ್ಬರೂ ಕಂಡದ್ದು ಒಂದನ್ನೇ.

ಕತೆಯಲ್ಲಿ ದೆವ್ವವಿಲ್ಲ. ಹೆತ್ತು ಮಂಕಾದ ಹೆಂಗಸು, ಡಾಕ್ಟರ್ ಗಂಡ, ಬಾಡಿಗೆ ಬಂಗಲೆಯ ಮಹಡಿ ಕೋಣೆ, ಅದರ ಗೋಡೆಗೆ ಅಂಟಿಸಿದ ಹಳದಿ ಕಾಗದ, ಅಷ್ಟೇ. ಗಂಡ ಅವಳನ್ನು ಆ ಕೋಣೆಯಲ್ಲಿರಿಸುವುದು ವಿಶ್ರಾಂತಿಗೆಂದು. ಇಂಥ ‘ವಿಶ್ರಾಂತಿ ಚಿಕಿತ್ಸೆ’ ಆ ಕಾಲದಲ್ಲಿ ನಿಜಕ್ಕೂ ಇತ್ತು. ಫಿಲಡೆಲ್ಫಿಯಾದ ನರರೋಗ ವೈದ್ಯ ಸೈಲಸ್ ವೈರ್ ಮಿಚೆಲ್ ರೂಪಿಸಿದ ಪಥ್ಯವದು: ಆರರಿಂದ ಎಂಟು ವಾರ ಹಾಸಿಗೆ, ಮನೆಯವರ ಮುಖ ನೋಡುವಂತಿಲ್ಲ, ಹೊಟ್ಟೆ ತುಂಬ ಹಾಲು, ಮೈ ನೀವುವುದು, ಸ್ನಾಯುಗಳಿಗೆ ವಿದ್ಯುತ್ತು. 1887ರಲ್ಲಿ ಗಿಲ್ಮನ್‌ಗೂ ಇದೇ ಆಯಿತು. ಮನೆಗೆ ಕಳಿಸುವಾಗ ಮಿಚೆಲ್ ಹೇಳಿದ್ದು: ದಿನಕ್ಕೆ ಎರಡೇ ಗಂಟೆ ಬೌದ್ಧಿಕ ಕೆಲಸ, ಬದುಕಿರುವವರೆಗೆ ಪೆನ್ನು, ಕುಂಚ, ಪೆನ್ಸಿಲ್ ಮುಟ್ಟಕೂಡದು.

ಕೆಲಸವಿಲ್ಲದ ಕಣ್ಣು ಸುಮ್ಮನಿರುವುದಿಲ್ಲ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ದಿನಕ್ಕೆ 20 ಡಾಲರ್ ಕೊಟ್ಟು ವಿದ್ಯಾರ್ಥಿಗಳನ್ನು ಹಾಸಿಗೆಯಲ್ಲಿ ಮಲಗಿಸಿದರು. ಕಣ್ಣಿಗೆ ಮಬ್ಬು ಕನ್ನಡಕ, ಕೈಗೆ ಗವಸು, ರಟ್ಟಿನ ಕವಚ. ಮೊದಲು ಚುಕ್ಕಿ, ಗೆರೆ ಕಂಡವು. ಆಮೇಲೆ ವಾಲ್‌ಪೇಪರಿನಂಥ ವಿನ್ಯಾಸ (ಪ್ರಯೋಗದ ವರದಿಯಲ್ಲಿ ಬಳಸಿದ್ದು ಅದೇ ಪದ!), ಕೊನೆಗೆ ಆಕೃತಿಗಳು. ಅರವತ್ತು ವರ್ಷ ಮೊದಲೇ ಗಿಲ್ಮನ್ ಬರೆದ ಕ್ರಮವೂ ಹೆಚ್ಚುಕಡಿಮೆ ಇದೇ: ಗೀಚು, ತಲೆಕೆಳಗಾದ ಎರಡು ಕಣ್ಣು, ಕಂಬಿ, ಕಂಬಿಯಾಚೆ ಹೆಂಗಸು. ಎರಡು ಗುಂಡು ಕಲೆ ಕಂಡರೆ ಸಾಕು, ಮಿದುಳು ಸೆಕೆಂಡಿನ ಐದನೇ ಒಂದು ಭಾಗದೊಳಗೇ ಮುಖ ಕಟ್ಟಿಬಿಡುತ್ತದೆ.

ಆದರೆ ಓದುವವರ ಬೆನ್ನು ತಣ್ಣಗಾಗುವುದು ಕಾಗದದಿಂದಲ್ಲ. ಕಿಟಕಿಗೆ ಸರಳು, ಗೋಡೆಗೆ ಬಡಿದ ಬಳೆಯಂಥ ಕೊಂಡಿಗಳು, ಕೆರೆದ ನೆಲ. ಮಕ್ಕಳ ಕೋಣೆಯಾಗಿತ್ತೇನೋ ಅನ್ನುತ್ತಾಳೆ ಆಕೆ. ನಮಗೆ ಬೇರೇನೋ ತಟ್ಟುತ್ತದೆ, ಅವಳನ್ನು ಎಚ್ಚರಿಸಲಾಗದು. ಕತೆ ಹೇಳುವವಳೇ ಅವಳಾದ್ದರಿಂದ ಅವಳ ಕಣ್ಣು ಬಿಟ್ಟು ನಮಗೆ ಬೇರೆ ಕಣ್ಣಿಲ್ಲ. ಮಂಚದ ಕಟ್ಟನ್ನು ಯಾರೋ ಕಡಿದಿದ್ದಾರೆ ಎಂದು ಬರೆದವಳು, ಕೋಪಕ್ಕೆ ಅದರ ಮೂಲೆ ಕಚ್ಚಿದೆ, ಹಲ್ಲು ನೋಯಿತು ಎಂದೂ ಬರೆಯುತ್ತಾಳೆ. ಗೋಡೆಯ ಬುಡದಲ್ಲಿ ಕೋಣೆ ಸುತ್ತ ಉಜ್ಜಿದಂತಿರುವ ಗುರುತು ಯಾರದೆಂದು ಅವಳಿಗೇ ಅಚ್ಚರಿ. ಕೊನೆಯ ಪುಟದಲ್ಲಿ ತೆವಳುವಾಗ ಅವಳ ಭುಜ ಆ ಗುರುತಿಗೆ ಸರಿಯಾಗಿ ಕೂರುತ್ತದೆ.